ಬೆಚ್ಚಗಿಟ್ಟ ಸಾಣೆಕಲ್ಲು

ಸಾಣೆಕಲ್ಲು ನನ್ನ ಪ್ರಯೋಗಾಲಯಕ್ಕೆ ಬಂದದ್ದು ಸ್ಟೀಲ್ ಡಬ್ಬಿಯೊಂದರಲ್ಲಿ, ಹಳೆಯ ಧೋತರದ ತುಂಡು ಸುತ್ತಿಕೊಂಡು. ತಂದವಳು ಮುದ್ದೇಬಿಹಾಳದ ಒಂದು ಸಣ್ಣ ಮಕ್ಕಳ ಆಸ್ಪತ್ರೆಯ ಆಯಾ. ವಯಸ್ಸು ಅರವತ್ತರ ಮೇಲಿತ್ತು. ಅಲ್ಲಿ ಡಾಕ್ಟರಿಂದ ಹಿಡಿದು ಬಾಣಂತಿಯರವರೆಗೆ ಎಲ್ಲರೂ ಅವಳನ್ನು ಆಯಿ ಎಂದೇ ಕರೆಯುತ್ತಿದ್ದರು. ಬಸವನ ಬಾಗೇವಾಡಿಯ ಬಸ್ ನಿಲ್ದಾಣದ ಹಿಂದಿದ್ದ ನನ್ನ ಎರಡು ಕೋಣೆಯ ಪ್ರಯೋಗಾಲಯದ ಮೆಟ್ಟಿಲು ಹತ್ತಿ ಬಂದವಳೇ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ನಿಡಗುಂದಿಯಲ್ಲಿ ಬಸ್ಸು ಬದಲಿಸಲು ತಾಸುಗಟ್ಟಲೆ ನಿಲ್ಲಬೇಕಾಯಿತೆಂದು ಮೊದಲು ಡಾಕ್ಟರನ್ನೂ ಆಮೇಲೆ ನನ್ನನ್ನೂ ಬೈದಳು.

"ನಲವತ್ತ ವರ್ಷ ಆತ್ರಿ ಬಾಯಾರ, ಈ ಕೈಲೆ ಕೂಸುಗೊಳಿಗೆ ಬಜಿ ತೇಯ್ದು ನೆಕ್ಕಸಾಕತ್ತು. ಈಗ ಡಾಕ್ಟರ್ರು ಕಲ್ಲಿಗೆ ಪರೀಕ್ಷಾ ಅಂತಾರ. ಕಲ್ಲೇನ್ ಮೆಟ್ರಿಕ್ ಪರೀಕ್ಷಾಕ್ಕ ಕುಂದರತೈತೇನ್ರಿ?"

ನಾನು ನಕ್ಕೆ. ಡಾಕ್ಟರು ಔಷಧಿ ಚೀಟಿಯ ಹಿಂದೆ ನಾಲ್ಕು ಸಾಲು ಬರೆದು ಕಳಿಸಿದ್ದರು. ನಮ್ಮ ಕಡೆ ಹುಟ್ಟಿದ ಕೂಸಿಗೆ ಗುಟ್ಟಿ ಹಾಕದ ಮನೆಯಿಲ್ಲ: ಬಜೆ, ಜಾಜಿಕಾಯಿ, ಅಳಲೆಕಾಯಿಗಳನ್ನು ತಾಯಿಯ ಹಾಲಿನಲ್ಲಿ ಸಾಣೆಕಲ್ಲಿನ ಮೇಲೆ ಎರಡೆರಡು ಸುತ್ತು ತೇಯ್ದು, ಆ ಗಂಧವನ್ನು ಬೆರಳ ತುದಿಯಿಂದ ಕೂಸಿನ ನಾಲಿಗೆಗೆ ಹಚ್ಚುವುದು. "ಬೇಡವೆಂದರೆ ಬಚ್ಚಲಲ್ಲಿ ಅಡಗಿ ಹಾಕುತ್ತಾರೆ. ಆಯಿಯ ಕೈಯಲ್ಲೇ, ನನ್ನ ಕಣ್ಣೆದುರೇ ಆಗಲಿ. ಆದರೆ ಒಂದೇ ಕಲ್ಲು, ಹತ್ತು ಕೂಸು. ಹೇಗೆ ತೊಳೆದರೆ ಸೋಂಕು ಹತ್ತುವುದಿಲ್ಲ ಎಂದು ನೀವು ಹೇಳಿ, ಹಾಗೇ ಮಾಡಿಸುತ್ತೇನೆ" ಎಂಬುದು ಅವರ ಬರಹದ ಸಾರ.

ನನ್ನನ್ನೇ ಕೇಳಿದ್ದಕ್ಕೆ ಕಾರಣವಿತ್ತು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆಗಳಿಂದ ಕೂಸುಗಳ ಬಾಯಿ ಒರೆಸಿದ ಹತ್ತಿಕಡ್ಡಿ, ಅಂದರೆ ಸ್ವಾಬು ತರಿಸಿ, ಅದರಲ್ಲಿ ಕ್ಯಾಂಡಿಡಾ ಎಂಬ ಯೀಸ್ಟನ್ನು ಹುಡುಕುವುದು ಆಗ ನನ್ನ ಸಂಶೋಧನೆಯಾಗಿತ್ತು. ಹಿಟ್ಟು ಹುಳಿ ಬರಿಸುವ ಯೀಸ್ಟಿನ ದೂರದ ನೆಂಟ ಅದು. ನಮ್ಮೆಲ್ಲರ ಬಾಯಲ್ಲೂ ಕರುಳಲ್ಲೂ ಸುಮ್ಮನೆ ಇರುತ್ತದೆ. ಶಕ್ತಿಯಿಲ್ಲದ ಕೂಸು ಸಿಕ್ಕರೆ ಬಾಯೊಳಗೆ ಮೊಸರಿನ ಕೆನೆಯಂತೆ ಬಿಳಿ ಪೊರೆ ಕಟ್ಟುತ್ತದೆ. ದಿನ ತುಂಬದ ಕೂಸಾದರೆ ರಕ್ತಕ್ಕೇ ಇಳಿಯಬಹುದು.

ಕಲ್ಲನ್ನು ಕುದಿಸಿಬಿಡಿ ಎಂದೆ. ಆಯಿ ತಲೆಯಾಡಿಸಿದಳು. "ಹಿಂದಿನ ಕಲ್ಲ ಕುದಿಸಿದಾಗ ಸೀಳಿ ಎರಡ ಹೋಳ ಆತ್ರಿ. ಇದು ನಮ್ಮತ್ತಿ ಕೊಟ್ಟದ್ದು. ಹಿತ್ತಲದಾಗ ತಾಮ್ರದ ಬಂಬ ಐತಿ, ಅದರ ಬಿಸಿನೀರಾಗ ಮುಳಗಿಸಿ ಇಡ್ತೇನಿ. ಸಾಲೂದಿಲ್ಲೇನ್ರಿ?"

"ನೀರು ಎಷ್ಟು ಬಿಸಿ ಇರತೈತಿ, ಆಯಿ?"

"ಕೈ ಹಾಕಿದ್ರ ಚುರ್ ಅಂತ ಹಿಂದಕ್ಕ ತಗೀಬೇಕು, ಅಷ್ಟು. ಮ್ಯಾಲ, ಕಲ್ಲ ಎಂದೂ ತಣ್ಣಗ ಆಗಬಾರದ್ರಿ. ತಣ್ಣಂದ ಕೂಸಿನ ಹೊಟ್ಟಿಗೆ ಹೋದ್ರ ಶೀತ ಆಗತೈತಿ. ಅದಕ್ಕ ನಾ..."

ಅವಳು ಇನ್ನೂ ಏನೋ ಹೇಳುತ್ತಿದ್ದಳು. ನಾನು ಆಗಲೇ ಕಲ್ಲನ್ನು ಎತ್ತಿ ಬೆಳಕಿಗೆ ಹಿಡಿದು ಅದರ ಸಣ್ಣ ರಂಧ್ರಗಳನ್ನು ನೋಡುತ್ತಿದ್ದೆ. ಆ ಮಾತಿನ ಉಳಿದರ್ಧವನ್ನು ನಾನು ಕೇಳಿಸಿಕೊಳ್ಳಲಿಲ್ಲ.

ಆ ಡಿಸೆಂಬರಿನಲ್ಲಿ ಪರೀಕ್ಷೆಯನ್ನು ಮನಸ್ಸಿಟ್ಟೇ ಮಾಡಿದೆ. ಮುದ್ದೇಬಿಹಾಳದ ಕೂಸೊಂದರ ಬಾಯಿಂದ ಬಂದ ಯೀಸ್ಟನ್ನೇ ಆರಿಸಿ, ಇಪ್ಪತ್ತೈದು ಡಿಗ್ರಿಯಲ್ಲಿ ಹೊಸದಾಗಿ ಬೆಳೆಸಿ, ಹಾಲಿನಲ್ಲಿ ಕಲೆಸಿ ಕಲ್ಲಿಗೆ ಬಳಿದೆ. ಆಯಿಯ ಬಂಬಿನ ನೀರನ್ನು ಉಷ್ಣಮಾಪಕ ಹಾಕಿ ಅಳೆಯಲು ಡಾಕ್ಟರಿಗೆ ಫೋನಿನಲ್ಲಿ ಹೇಳಿದ್ದೆ; ಐವತ್ತಮೂರು ಡಿಗ್ರಿ ಬಂದಿತ್ತು. ಅಷ್ಟೇ ಕಾವಿನ ನೀರಿನಲ್ಲಿ ಕಲ್ಲನ್ನು ಹತ್ತು ನಿಮಿಷ ಮುಳುಗಿಸಿಟ್ಟೆ. ಬ್ರಷ್ಷಿನಿಂದ ತಿಕ್ಕಿ, ತಿಕ್ಕಿದ ನೀರನ್ನು ಯೀಸ್ಟ್ ಬೆಳೆಸುವ ಗಾಜಿನ ತಟ್ಟೆಗಳಲ್ಲಿ ಹರಡಿ ಎರಡು ದಿನ ಕಾದೆ. ಯೀಸ್ಟಿನ ಒಂದು ಚುಕ್ಕೆಯೂ ಏಳಲಿಲ್ಲ. ಮೂರು ಸಲ ಮಾಡಿದೆ, ಮೂರೂ ಸಲ ತಟ್ಟೆ ಖಾಲಿ. "ಐವತ್ತಮೂರು ಡಿಗ್ರಿ ನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಸಾಕು" ಎಂದು ಬರೆದು, ಸಹಿ ಮಾಡಿ, ಮುದ್ರೆಯನ್ನೂ ಒತ್ತಿದೆ. ಆ ಮುದ್ರೆ ಮಾಡಿಸಿ ವಾರವೂ ಆಗಿರಲಿಲ್ಲ, ಎಲ್ಲಿ ಒತ್ತಲೆಂದು ಕೈ ತುರಿಸುತ್ತಿತ್ತು. ವಿಷಯ ಬಾಯಿಂದ ಬಾಯಿಗೆ ಹೋಗಿ ಇಂಡಿ ಮತ್ತು ಸಿಂದಗಿಯ ಡಾಕ್ಟರುಗಳೂ ಕೇಳಿದರು. ಅವರಿಗೂ ಅದೇ ಕಾಗದದ ಝೆರಾಕ್ಸ್ ಕಳಿಸಿದೆ.

ಚಳಿಗಾಲ ಹಾಗೆ ಕಳೆಯಿತು. ಫೆಬ್ರವರಿಯಿಂದ ಮುದ್ದೇಬಿಹಾಳದ ಸ್ವಾಬುಗಳಲ್ಲಿ ಯೀಸ್ಟ್ ಹೆಚ್ಚಾಗತೊಡಗಿತು. ಕೂಸುಗಳ ಬಾಯಲ್ಲಿ ಬಿಳಿ ಪೊರೆ ಬರುತ್ತಿತ್ತು, ಡಾಕ್ಟರು ಔಷಧಿ ಹಚ್ಚುತ್ತಿದ್ದರು, ಹೋಗುತ್ತಿತ್ತು. ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ಖುಷಿಯಾಯಿತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಮಾದರಿಗಳು ಹೆಚ್ಚಾದಷ್ಟೂ ನನ್ನ ಪಿಎಚ್‌ಡಿ ಪ್ರಬಂಧ ಬೇಗ ಮುಗಿಯುತ್ತದೆಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ.

ಪ್ರಬಂಧದ ತಿರುಳು ಶಾಖಾಘಾತ ಪ್ರೋಟೀನುಗಳು. ಕಾವು ಏರಿದಾಗ ಜೀವಕೋಶದೊಳಗಿನ ಪ್ರೋಟೀನುಗಳು ತಮ್ಮ ಮಡಿಕೆ ಬಿಚ್ಚಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮೊಟ್ಟೆ ಬೆಂದ ಹಾಗೆ. ಆಗ ಯೀಸ್ಟ್ ಅವಸರದಲ್ಲಿ ಬೇರೊಂದು ಜಾತಿಯ ಪ್ರೋಟೀನನ್ನು ತಯಾರಿಸುತ್ತದೆ. ಇವು ಬಿಚ್ಚಿಹೋದವನ್ನು ಹಿಡಿದು ಮತ್ತೆ ಮಡಿಚಿ ಸರಿಪಡಿಸುತ್ತವೆ. ಒಮ್ಮೆ ಸಣ್ಣ ಕಾವು ಉಂಡು ಇವನ್ನು ಕೂಡಿಹಾಕಿಕೊಂಡ ಯೀಸ್ಟ್, ಮುಂದೆ ಸಾಯಬೇಕಾದಷ್ಟು ಕಾವು ಬಿದ್ದರೂ ತಡೆದುಕೊಳ್ಳುತ್ತದೆ. ಇದು ಪುಸ್ತಕದಲ್ಲಿರುವ ಮಾತು, ನನಗೆ ಬಾಯಿಪಾಠವಿತ್ತು. ನಾಲ್ಕು ಊರುಗಳ ಯೀಸ್ಟುಗಳಲ್ಲಿ ಈ ಪ್ರೋಟೀನು ಎಷ್ಟೆಷ್ಟು ಹುಟ್ಟುತ್ತದೆಂದು ಹೋಲಿಸುವುದು ನನ್ನ ಕೆಲಸವಾಗಿತ್ತು.

ಏಪ್ರಿಲ್ ಹೊತ್ತಿಗೆ ಆ ಕೆಲಸ ಕೈಕೊಟ್ಟಿತು. ಒಂದೇ ಯೀಸ್ಟನ್ನು ಎರಡು ಫ್ಲಾಸ್ಕಿನಲ್ಲಿ ಬೆಳೆಸುತ್ತಿದ್ದೆ. ಒಂದು ಇಪ್ಪತ್ತೈದು ಡಿಗ್ರಿಯ ತಣ್ಣನೆಯ ಪೆಟ್ಟಿಗೆಯಲ್ಲಿ, ಇನ್ನೊಂದು ನಲವತ್ತೆರಡು ಡಿಗ್ರಿಯಲ್ಲಿ. ಎರಡರ ಪ್ರೋಟೀನನ್ನೂ ಬೇರ್ಪಡಿಸಿ, ಪಟ್ಟಿಯ ಮೇಲೆ ಇಳಿಸಿ, ಶಾಖಾಘಾತ ಪ್ರೋಟೀನನ್ನು ಮಾತ್ರ ಹಿಡಿಯುವ ದ್ರಾವಣದಲ್ಲಿ ಅದ್ದಿದರೆ, ಕಾವು ತಿಂದ ಯೀಸ್ಟಿನ ಜಾಗದಲ್ಲಿ ದಟ್ಟ ಕಂದು ಗೆರೆ ಮೂಡಬೇಕು, ತಣ್ಣನೆಯದರಲ್ಲಿ ಮಸುಕು ಗೆರೆ. ನನ್ನ ಪಟ್ಟಿಯಲ್ಲಿ ಎರಡೂ ದಟ್ಟವಾಗಿ ಬರುತ್ತಿದ್ದವು. ಮತ್ತೆ ಮಾಡಿದೆ, ಮತ್ತೆ ಅದೇ. ಧಾರವಾಡದ ನನ್ನ ಮಾರ್ಗದರ್ಶಕರು ಫೋನಿನಲ್ಲಿ, "ಕೈ ಸ್ವಚ್ಛ ಇಟಗೊಂಡು ಮಾಡ್ರಿ, ನಳಿಗಿ ಅದಲಿ ಬದಲಿ ಮಾಡಿರ್ತೀರಿ" ಎಂದರು. ಫೋನಿಟ್ಟು ಅವರನ್ನು ಮನಸಾರೆ ಬೈದೆ. ಸಿಟ್ಟಿಗೆ ಒಂದು ಗಾಜಿನ ನಳಿಗೆಯನ್ನೂ ಒಡೆದೆ.

ಉತ್ತರ ಸಿಕ್ಕದ್ದು ಒಂದು ಮಧ್ಯಾಹ್ನ. ಆಗ ದಿನವೂ ಹನ್ನೊಂದಕ್ಕೆ ಹೋದ ಕರೆಂಟು ಮೂರಕ್ಕೆ ಬರುತ್ತಿತ್ತು. ತಣ್ಣನೆಯ ಪೆಟ್ಟಿಗೆಯಿಂದ ಫ್ಲಾಸ್ಕನ್ನು ತೆಗೆದಾಗ ಗಾಜು ಅಂಗೈಗೆ ಬೆಚ್ಚಗೆ ತಾಗಿತು. ಉಷ್ಣಮಾಪಕ ಇಳಿಬಿಟ್ಟೆ, ಮೂವತ್ತೊಂಬತ್ತು. ಮುಚ್ಚಿದ ಪೆಟ್ಟಿಗೆ ಬಿಸಿಲ ಕೋಣೆಯಲ್ಲಿ ನಾಲ್ಕು ತಾಸು ಕೂತು ತಾನೇ ಒಲೆಯಾಗಿತ್ತು. ನಾನು ತಣ್ಣನೆಯದೆಂದು ನಂಬಿದ್ದ ಯೀಸ್ಟ್ ದಿನವೂ ಕಾವು ತಿನ್ನುತ್ತಿತ್ತು. ದುಬಾರಿ ದ್ರಾವಣ ತರಿಸಿ, ಕರೆಂಟಿಲ್ಲದ ಊರಿನಲ್ಲಿ ಕೂತ ನನ್ನ ಸಂಸಾರ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತಾಯಿತಲ್ಲ ಎಂದು ನಗು ಬಂತು. ಮರುದಿನದಿಂದ ಪೆಟ್ಟಿಗೆಯಲ್ಲಿ ಬರ್ಫದ ಬಕೀಟು ಇಡತೊಡಗಿದೆ. ವಿಷಯ ಅಲ್ಲಿಗೆ ಮುಗಿಯಿತೆಂದುಕೊಂಡೆ.

ಅದಾದ ನಾಲ್ಕನೇ ದಿನ ಮುದ್ದೇಬಿಹಾಳದಿಂದ ಬಸ್ಸಿನ ಕಂಡಕ್ಟರನ ಕೈಯಲ್ಲಿ ರಕ್ತದ ಬಾಟಲಿಯೊಂದು ಬಂತು. ಎಂಟು ತಿಂಗಳಿಗೇ ಹುಟ್ಟಿದ ಅವಳಿ ಕೂಸುಗಳಲ್ಲಿ ಗಂಡಿನದು. ನಾಲತವಾಡದವರು. ಜ್ವರ ಇಳಿಯುತ್ತಿಲ್ಲ, ಯಾವ ಔಷಧಿಗೂ ಬಗ್ಗುತ್ತಿಲ್ಲ ಎಂದು ಚೀಟಿಯಲ್ಲಿತ್ತು. ಎರಡನೇ ದಿನ ಬೆಳಿಗ್ಗೆ ಬಾಟಲಿಯಲ್ಲಿ ರಕ್ತ ಬೆರೆಸಿದ್ದ ಪೋಷಕ ದ್ರವ ಕದಡಿತ್ತು. ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಮೊಗ್ಗು ಒಡೆಯುತ್ತಿದ್ದ ದುಂಡನೆಯ ಯೀಸ್ಟುಗಳು ಗುಂಪುಗುಂಪಾಗಿ ಕಂಡವು. ಕೂಸಿನ ರಕ್ತದಲ್ಲಿ ಅವು ಇರಬಾರದು. ಓಡಿಹೋಗಿ ಫೋನು ಮಾಡಿದೆ.

"ತಡಾ ಆತ್ರಿ ಮೇಡಂ," ಎಂದರು ಡಾಕ್ಟರು. "ಮುಂಜಾನೆ ಐದಕ್ಕ ಹೋತು."

ಆಮೇಲೆ ಅವರೇ, "ಹೆಣ್ಣಕೂಸಿನ ಬಾಯಾಗೂ ಬೆಳ್ಳಗ ಬಂದೈತಿ. ಎಲ್ಲಿಂದ ಬರಾಕತ್ತೈತಿ ಅಂತ ತಿಳಿವಲ್ದು. ಕಲ್ಲಂತೂ ಅಲ್ಲ ಬಿಡ್ರಿ, ನಿಮ್ಮ ಕಾಗದದಾಗ ಇದ್ದಂಗ ಹತ್ತ ನಿಮಿಷ ಗಡಿಯಾರ ನೋಡಿ ಇಡ್ತಾಳ ಆಯಿ. ಒಂದ ದಿನಾ ತಪ್ಪಿಸಿಲ್ಲ," ಎಂದರು.

"ಹತ್ತು ನಿಮಿಷ ಆದ ಮ್ಯಾಲ ಕಲ್ಲು ಎಲ್ಲಿ ಇಡತಾಳ್ರಿ?" ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

"ಬೆಚ್ಚಗಿನ ಖೋಲ್ಯಾಗ್ರಿ. ಬಲ್ಬಿನ ಮ್ಯಾಲಿನ ಹಲಗಿ ಮ್ಯಾಲ. ತಣ್ಣಗ ಆಗಬಾರದಂತ."

ಬೆಚ್ಚಗಿನ ಖೋಲಿ ಎಂದರೆ ದಿನ ತುಂಬದ ಕೂಸುಗಳನ್ನು ಬಲ್ಬಿನ ಶಾಖದಲ್ಲಿ ಇಡುತ್ತಿದ್ದ ಕೋಣೆ. ಫ್ಲಾಸ್ಕು ಅಂಗೈಗೆ ತಾಗಿದ ಬಿಸಿ ನೆನಪಾಯಿತು. ಡಿಸೆಂಬರಿನಲ್ಲಿ ನಾನು ಕೊಂದದ್ದು ತಣ್ಣಗೆ ಬೆಳೆದ, ಕಾವೆಂದರೇನೆಂದು ಕಾಣದ ಯೀಸ್ಟನ್ನು. ಹಲಗೆಯ ಮೇಲಿನ ಕಲ್ಲಿನ ರಂಧ್ರಗಳಲ್ಲಿ, ಒಣಗಿದ ಹಾಲಿನ ಪದರದಲ್ಲಿ ಕೂತದ್ದು ಹಗಲೂ ರಾತ್ರಿ ಕಾವು ಉಂಡು ಗಟ್ಟಿಯಾದ ಯೀಸ್ಟು. ಅದಕ್ಕೆ ಐವತ್ತಮೂರು ಡಿಗ್ರಿಯ ನೀರು ಬಚ್ಚಲ ಸ್ನಾನ.

ಆದರೂ ನನ್ನ ಊಹೆಯನ್ನು ನಂಬಲು ಮನಸ್ಸು ಒಪ್ಪಲಿಲ್ಲ. ಕಲ್ಲನ್ನು ಕೂಡಲೇ ತೆಗೆದಿಡಿ, ಯಾವ ಕೂಸಿಗೂ ಗುಟ್ಟಿ ಬೇಡ ಎಂದಷ್ಟೇ ಡಾಕ್ಟರಿಗೆ ಹೇಳಿ, ಪೇಟೆಗೆ ಹೋಗಿ ಅಂಥವೇ ಎರಡು ಸಾಣೆಕಲ್ಲು ತಂದೆ. ಡಿಸೆಂಬರಿನಲ್ಲಿ ಬಳಸಿದ ಯೀಸ್ಟನ್ನೇ ಮತ್ತೆ ಎಬ್ಬಿಸಿದೆ. ಒಂದು ಪಾಲನ್ನು ಬರ್ಫದ ಬಕೀಟಿನ ಪೆಟ್ಟಿಗೆಯಲ್ಲಿ ತಣ್ಣಗೆ ಬೆಳೆಸಿದೆ, ಇನ್ನೊಂದನ್ನು ಮೂವತ್ತೊಂಬತ್ತು ಡಿಗ್ರಿಯಲ್ಲಿ. ಒಂದೊಂದನ್ನು ಒಂದೊಂದು ಕಲ್ಲಿಗೆ ಬಳಿದು, ಅದೇ ನೀರಿನಲ್ಲಿ, ಅದೇ ಹತ್ತು ನಿಮಿಷ ಮುಳುಗಿಸಿ, ತಿಕ್ಕಿ, ತಟ್ಟೆಗೆ ಹರಡಿದೆ. ಪಟ್ಟಿಯನ್ನೂ ಮಾಡಿದೆ. ತಣ್ಣನೆಯದರ ಗೆರೆ ಈ ಸಲ ಮಸುಕಾಗಿ, ಬೆಚ್ಚನೆಯದರ ಗೆರೆ ಕಡುಕಂದಾಗಿ, ಪುಸ್ತಕದಲ್ಲಿ ಅಚ್ಚಾದ ಹಾಗೆ ಬಂತು. ತಿಂಗಳಿಂದ ಕಾದಿದ್ದ ಫಲಿತಾಂಶ ಅದು. ನೋಡಲು ಹೆದರಿಕೆಯಾಯಿತು.

ಎರಡು ದಿನದ ಮೇಲೆ ತಟ್ಟೆ ತೆರೆದೆ. ತಣ್ಣನೆಯ ಯೀಸ್ಟಿನ ತಟ್ಟೆ ಖಾಲಿ. ಬೆಚ್ಚನೆಯದರ ಮೇಲೆ ಕೆನೆಬಣ್ಣದ ಚುಕ್ಕೆಗಳು ಸಾಲುಗಟ್ಟಿದ್ದವು. ಎಣಿಸಲು ಪೆನ್ನು ಹಿಡಿದವಳು ನಡುವೆಯೇ ಬಿಟ್ಟೆ. ಎಷ್ಟಿದ್ದರೇನು, ಒಂದಿದ್ದರೂ ಸಾಕಿತ್ತು.

ಅದೇ ಬೆಳಿಗ್ಗೆ ಮುದ್ದೇಬಿಹಾಳಕ್ಕೆ ಹೊರಟೆ. ಬೆಚ್ಚಗಿನ ಖೋಲಿಯ ಹಲಗೆಯ ಮೇಲೆ ಉಷ್ಣಮಾಪಕವಿಟ್ಟೆ. ನಲವತ್ತಕ್ಕೆ ಒಂದು ಗೆರೆ ಕಡಿಮೆ. ಡಬ್ಬಿಯಲ್ಲಿ ಎತ್ತಿಟ್ಟಿದ್ದ ಆಯಿಯ ಕಲ್ಲಿನಿಂದ ಸ್ವಾಬು ತೆಗೆದುಕೊಂಡೆ. ಆಯಿ ಬಾಗಿಲಲ್ಲೇ ನಿಂತಿದ್ದಳು, ಬೈಯಲಿಲ್ಲ. "ಕಲ್ಲಿನ್ಯಾಗ ಏನರ ಐತೇನ್ರಿ ಬಾಯಾರ?" ಎಂದು ಮೆಲ್ಲಗೆ ಕೇಳಿದಳು. ನೋಡಿ ಹೇಳುತ್ತೇನೆ ಎಂದು ಜಾರಿಕೊಂಡೆ.

ಹೊರಬರುವಾಗ ಬಚ್ಚಲ ಬಾಗಿಲಲ್ಲಿ ಒಬ್ಬ ಬಾಣಂತಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ಇಪ್ಪತ್ತೆರಡರ ವಯಸ್ಸಿರಬೇಕು. ಸೆರಗಿನ ಮರೆಯಲ್ಲಿ ಎದೆಹಾಲನ್ನು ಹಿಂಡಿ ಹಿಂಡಿ ಮೋರಿಗೆ ಬಿಡುತ್ತಿದ್ದಳು. ನೋವಿಗೆ ಹಲ್ಲು ಕಚ್ಚಿದ್ದಳು.

"ನಾಲತವಾಡದ ಅವಳಿ ಕೂಸಿನ ತಾಯಿ ಅಕಿನ," ಎಂದಳು ಆಯಿ. "ಮಣ್ಣ ಮುಗಿಸಿ ಬಂದ ಅಕಿ ಅತ್ತಿ ಅಂದ್ಲ್ರಿ, ನಿನ್ನ ಹಾಲ ಕೆಟ್ಟಾವು, ಆ ಹಾಲಾಗ ತೇಯ್ದ ಗುಟ್ಟೀನ ಗಂಡಕೂಸಿಗೆ ಮುಳುವಾತು ಅಂತ. ಅವತ್ತಿಂದ ಹೆಣ್ಣಕೂಸಿಗೆ ಮಲಿ ಕೊಡವಲ್ಲಳು. ಡಬ್ಬಿ ಹಾಲ ಹಾಕಾಕತ್ತೇವಿ, ಅದು ದಕ್ಕವಲ್ದು. ಕೂಸು ದಿನಾ ಒಣಗಾಕತ್ತೈತಿ."

ಡಾಕ್ಟರು ಎಷ್ಟು ಹೇಳಿದರೂ ಅವಳು ಕೇಳಿರಲಿಲ್ಲ. ಹಾಲಿನಿಂದ ಅಲ್ಲ ಎಂದರೆ ಮತ್ತೆ ಯಾವುದರಿಂದ ಎಂಬ ಅವಳ ಒಂದೇ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ. ಮೋರಿಗೆ ಹೋಗುವ ಹಾಲಿನಲ್ಲಿ ಸ್ವಲ್ಪವನ್ನು ನನ್ನ ನಳಿಗೆಗೆ ಹಿಡಿದುಕೊಡು ಎಂದು ಕೇಳಿದೆ. ನನ್ನ ಮುಖ ನೋಡದೆ ಹಿಂಡಿ ಕೊಟ್ಟಳು.

ಡಾಕ್ಟರ ಕೋಣೆಯ ಬಾಗಿಲು ಹಾಕಿ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಲ್ಲ ತಗದ ಒಗದಬಿಡೂಣ್ರಿ. ಆ ಕಾಗದಾನೂ ಹರದ ಹಾಕೂಣ. ಆದ್ರ ಇದು ಈ ಖೋಲಿ ದಾಟಿ ಹೋಗೂದ ಬ್ಯಾಡ ಮೇಡಂ. ಸುತ್ತ ಹಳ್ಳಿಗೆಲ್ಲಾ ಇದೊಂದ ಬೆಚ್ಚಗಿನ ಖೋಲಿ ಐತಿ. ನಾಳೆ ಯಾರೂ ಕೂಸ ತರದಿದ್ರ, ಮನ್ಯಾಗ ಸಾಯೂ ಕೂಸುಗಳ ಲೆಕ್ಕಾ ಯಾರ ಇಡ್ತಾರ? ನಿಮ್ಮ ಪ್ರಬಂಧದ್ದೂ ವಿಚಾರ ಮಾಡ್ರಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ದಾರಿ. ಕೆಟ್ಟ ಮನುಷ್ಯ ಅಲ್ಲ ಅವರು. ಅವರ ಮಾತಿನಲ್ಲಿ ನಿಜವೂ ಇತ್ತು. ಆದರೆ ನಾನು ಒಪ್ಪಿದ್ದು ಆ ನಿಜಕ್ಕಲ್ಲ, ನನ್ನ ಹೆದರಿಕೆಗೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಕಲ್ಲೊಂದಕ್ಕೆ ಹೋಗುವುದರಲ್ಲಿತ್ತು. ಆ ದಿನ ನಾನು ಹೂಂ ಎಂದು ಬಸ್ಸು ಹತ್ತಿದೆ.

ಬಾಗೇವಾಡಿಗೆ ಬಂದವಳೇ ಎಸ್‌ಟಿಡಿ ಬೂತಿನಿಂದ ಇಂಡಿಗೂ ಸಿಂದಗಿಗೂ ಫೋನು ಮಾಡಿದೆ. ಕಾಗದ ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಬಿಸಿನೀರು ಸಾಲದು, ಸಾಣೆಕಲ್ಲೇ ಬೇಡ ಎಂದೆ. ಸಿಂದಗಿಯವರು ತಾವು ಅದನ್ನು ಶುರುವೇ ಮಾಡಿರಲಿಲ್ಲ ಎಂದರು. ಇಂಡಿಯ ನರ್ಸಮ್ಮ ಮಾತ್ರ, "ಆ ಕಾಗದ ನೋಡಿ ಎಷ್ಟೋ ಬಾಣಂತ್ಯಾರು ಹಂಗ ಮಾಡತೇವಂತ ಮನಿಗೆ ಹೋಗ್ಯಾರಲ್ರಿ, ಅವರಿಗೆ ಹೆಂಗ ಹೇಳೂದ್ರಿ?" ಎಂದಳು. ಅವರೆಲ್ಲ ಯಾವ ಯಾವ ಹಳ್ಳಿಯವರೆಂದು ಅವಳಿಗೂ ಗೊತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಸಾಲೆಯಲ್ಲಿ ಕಾಪಿ ಬರೆದಿದ್ದೆ. ರಿಸೀವರ್ ಇಡಲು ಕೈ ಬರಲಿಲ್ಲ. ಹಿಂದೆ ನಿಂತವರು ಬೇಗ ಮುಗಿಸಿ ಎಂದು ಗದರಿದರು.

ಮತ್ತೆ ಎರಡು ದಿನ ಕಾಯಬೇಕಿತ್ತು. ಯೀಸ್ಟ್ ಯಾರ ಅವಸರಕ್ಕೂ ಬೆಳೆಯುವುದಿಲ್ಲ. ಆ ಎರಡು ದಿನ ಹೆಣ್ಣುಕೂಸಿನ ಬಾಯಿಗೆ ಡಬ್ಬಿ ಹಾಲು ಹೋಗುತ್ತಿತ್ತು, ವಾಂತಿಯಾಗಿ ಹೊರಬರುತ್ತಿತ್ತು. ದಿನಕ್ಕೊಮ್ಮೆ ಫೋನು ಮಾಡಿ ತೂಕ ಕೇಳುತ್ತಿದ್ದೆ. ಡಾಕ್ಟರು ಗ್ರಾಮಿನಲ್ಲಿ ಹೇಳುತ್ತಿದ್ದರು. ಎರಡೂ ದಿನ ಇಳಿದಿತ್ತು.

ಮೂರನೇ ದಿನ ಬೆಳಿಗ್ಗೆ ತಟ್ಟೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಕಲ್ಲಿನ ಸ್ವಾಬಿನ ತಟ್ಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಅಷ್ಟು ಯೀಸ್ಟ್. ಹುಳಿ ಬಂದ ಹಿಟ್ಟಿನ ವಾಸನೆ ಕೋಣೆಗೆಲ್ಲ ಹಬ್ಬಿತು. ಗಂಡುಕೂಸಿನ ರಕ್ತದ್ದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು, ರಕ್ತದ ತಿಳಿಯಾದ ಸೀರಮ್ಮಿನಲ್ಲಿ ಬಾಲದಂಥ ಮೊಳಕೆ ಬಿಡುವುದನ್ನೂ, ಯಾವ ಯಾವ ಸಕ್ಕರೆ ತಿನ್ನುತ್ತವೆಂಬುದನ್ನೂ ನೋಡಿದೆ. ಎಲ್ಲ ಒಂದೇ. ಎರಡೂ ಒಂದೇ ಯೀಸ್ಟೆಂದು ಪ್ರಮಾಣ ಮಾಡಿ ಹೇಳುವ ಸಾಧನ ನನ್ನಲ್ಲಿರಲಿಲ್ಲ, ನ್ಯಾಯಾಲಯದಲ್ಲಿ ನಿಲ್ಲುವ ಪುರಾವೆ ಅದಲ್ಲ. ನನಗೆ ಸಾಕಾಗುವಷ್ಟಿತ್ತು. ಕೊನೆಗೆ ತಾಯಿಯ ಹಾಲಿನ ಮೂರು ತಟ್ಟೆಗಳನ್ನು ತೆರೆದೆ. ಚರ್ಮದ ಮೇಲೆ ಎಲ್ಲರಿಗೂ ಇರುವ ನಾಲ್ಕಾರು ಬ್ಯಾಕ್ಟೀರಿಯಾ ಚುಕ್ಕೆ ಬಿಟ್ಟರೆ ಏನೂ ಇಲ್ಲ. ಯೀಸ್ಟಿನ ಸುಳಿವೇ ಇಲ್ಲ.

ಆ ಮೂರು ಖಾಲಿ ತಟ್ಟೆಗಳ ಮುಂದೆ ಬಹಳ ಹೊತ್ತು ಕೂತೆ. "ನಿನ್ನ ಹಾಲು ಚೊಕ್ಕವಿದೆ" ಎಂದಷ್ಟೇ ಹೇಳಿ ಕಳಿಸಬಹುದಿತ್ತು. ಆದರೆ ಅಷ್ಟನ್ನು ಡಾಕ್ಟರು ಆಗಲೇ ಹೇಳಿದ್ದರು, ಅವಳು ನಂಬಿರಲಿಲ್ಲ. ಸತ್ತ ಕೂಸಿಗೆ ಕಾರಣ ಬೇಕೇ ಬೇಕು. ಯಾರೂ ಕಾರಣ ಕೊಡದಿದ್ದಾಗ ಅವಳು ತನ್ನ ಎದೆಯನ್ನೇ ಕೊಟ್ಟಿದ್ದಳು. ನಾನು ನನ್ನ ಪಾಲನ್ನು ಹೇಳದೆ ಇದ್ದಷ್ಟು ದಿನವೂ ಆ ಹೆಣ್ಣುಕೂಸು ಒಣಗುತ್ತಿರುತ್ತದೆ. ತಟ್ಟೆಗಳನ್ನು ಕಾಗದದಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಹತ್ತರ ಬಸ್ಸು ಹಿಡಿದೆ. ಹೋಗುತ್ತೇನೆಂದು ಡಾಕ್ಟರಿಗೆ ಫೋನು ಮಾಡಲಿಲ್ಲ. ಮಾಡಿದ್ದರೆ ಅವರು ತಡೆಯುತ್ತಿದ್ದರು, ನಾನೂ ನಿಂತುಬಿಡುತ್ತಿದ್ದೆ.

ಆಸ್ಪತ್ರೆಯ ಕಟ್ಟೆಯ ಮೇಲೆ ಆಯಿ ಒಬ್ಬಳೇ ಕೂತಿದ್ದಳು. ಮೊದಲು ಅವಳಿಗೆ ಹೇಳಿದೆ: ಕಲ್ಲಿನಲ್ಲೇ ಇತ್ತು, ನೀನು ಹೇಳಿದ್ದನ್ನು ನಾನು ಪೂರ್ತಿ ಕೇಳಲಿಲ್ಲ, ಬೆಚ್ಚಗಿಡುತ್ತೀ ಎಂದು ಗೊತ್ತಾಗಿದ್ದರೆ ಬೇರೆ ಪರೀಕ್ಷೆ ಮಾಡಬೇಕಿತ್ತು. ಅವಳು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

"ಕೂಸಿಗೆ ಶೀತ ಆಗಬಾರದಂತ ಇಟ್ಟಿದ್ನೆವ್ವಾ," ಎಂದಳು. ಮೊದಲ ಸಲ ನನ್ನನ್ನು ಬಾಯಾರ ಎನ್ನಲಿಲ್ಲ. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದಳು. "ನಡಿ, ನಾನೂ ಬರ್ತೇನಿ. ಬೆಚ್ಚಗ ಇಟ್ಟಾಕಿ ನಾ, ಒಬ್ಬಾಕಿನ ಹೋಗಿ ಹೇಳಬ್ಯಾಡ."

ಬಾಣಂತಿ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪಕ್ಕದಲ್ಲಿ ಅತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚದಿಂದ ಹಾಲು ಬಿಡಲು ನೋಡುತ್ತಿದ್ದರು. ಗಂಡ ಬಾಗಿಲ ಬಳಿ ನಿಂತಿದ್ದ. ಕೂಸಿನ ಕೈಗಳು ನನ್ನ ಬೆರಳಿಗಿಂತ ದಪ್ಪವಿರಲಿಲ್ಲ. ಬಾಯಿಗೆ ಹಚ್ಚಿದ ನೇರಳೆ ಔಷಧಿ ಗದ್ದದವರೆಗೆ ಇಳಿದಿತ್ತು.

ತಟ್ಟೆಗಳನ್ನು ಬಿಚ್ಚಿ ಮಂಚದ ಅಂಚಿಗೆ ಇಟ್ಟೆ. ಇದು ಕಲ್ಲಿನದು, ಇದು ನಿಮ್ಮ ಹಾಲಿನದು ಎಂದೆ. ಗಂಡುಕೂಸಿನ ರಕ್ತದಲ್ಲಿ ಸಿಕ್ಕಂಥದ್ದೇ ಕಲ್ಲಿನಲ್ಲಿ ತುಂಬಿತ್ತು, ನಿಮ್ಮ ಹಾಲಿನಲ್ಲಿ ಒಂದೂ ಇರಲಿಲ್ಲ. ಆ ಕಲ್ಲನ್ನು ಬಿಸಿನೀರಲ್ಲಿ ತೊಳೆದರೆ ಸಾಕು ಎಂದು ಬರೆದುಕೊಟ್ಟವಳು ನಾನು, ನಾನು ಬರೆದದ್ದು ತಪ್ಪು, ಅದನ್ನು ನಂಬಿ ಇವರೆಲ್ಲ ನಡೆದರು ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಉಳಿದವು ಇಷ್ಟೇ. ಆಯಿ ನನ್ನ ಪಕ್ಕದಲ್ಲಿ, "ಕಲ್ಲ ಬೆಚ್ಚಗ ಇಟ್ಟಾಕಿ ನಾನವ್ವಾ," ಎಂದಳು.

ಬಾಣಂತಿ ಎದ್ದು ಕೂತಳು. ಎರಡು ತಟ್ಟೆಗಳನ್ನೂ ಬಹಳ ಹೊತ್ತು ನೋಡಿದಳು.

"ನನ್ನ ಹಾಲಲ್ಲ?"

"ಅಲ್ಲ."

"ನಮ್ಮತ್ತಿ ಮುಂದ ಹೇಳ್ರಿ."

ಅತ್ತೆಯ ಕಡೆ ತಿರುಗಿ ಹೇಳಿದೆ. ಅವರು ಚಮಚ ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡರು.

"ನಮ್ಮ ಮನಿಯವರ ಮುಂದ ಹೇಳ್ರಿ."

ಬಾಗಿಲ ಕಡೆ ತಿರುಗಿ ಅವನಿಗೂ ಹೇಳಿದೆ. ಅವನು ಒಂದು ಹೆಜ್ಜೆ ಮುಂದೆ ಬಂದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದರೆ ಹೊಡೆಯಲಿ ಎಂದೂ ಅನ್ನಿಸಿತು. ಅವಳು ಕೈ ಎತ್ತಿ ಅವನನ್ನು ನಿಲ್ಲಿಸಿದಳು.

"ನಿಮ್ಮ ಹೆಸರೇನ್ರಿ?" ಎಂದಳು ನನ್ನನ್ನು ನೋಡಿ. "ಇಕಿ ದೊಡ್ಡಾಕಿ ಆದ ಮ್ಯಾಲ ಅಣ್ಣ ಯಾಕ ಹೋದ ಅಂತ ಕೇಳತಾಳ. ನಾ ಹೇಳಬೇಕಲ್ಲ."

ಹೆಸರು ಹೇಳಿದೆ. ಅವಳು ಅದನ್ನು ಮರೆಯದ ಹಾಗೆ ಒಂದು ಸಲ ತಿರುಗಿ ಹೇಳಿಕೊಂಡಳು. ಆಮೇಲೆ ಅತ್ತೆಯ ತೊಡೆಯಿಂದ ಮಗಳನ್ನು ಎತ್ತಿಕೊಂಡು, ನನಗೆ ಬೆನ್ನು ತಿರುಗಿಸಿ ಕೂತು, ಎದೆಗೆ ಹಚ್ಚಿಕೊಂಡಳು.